ಅಜ್ಜಿಯ ಮುಖವಿದ್ದ ಪುಟ

ಪರೀಕ್ಷೆ ಕೊಠಡಿಯಲ್ಲಿ ಮೂವತ್ತೊಂದು ವರ್ಷ ನಿಂತವಳು ನಾನು. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದ್ದು ನಿಜ. ಆದರೆ ನಿವೃತ್ತಿಯಾದ ಮೇಲೆ ಯೋಚಿಸಿದರೆ ಪಾಠಕ್ಕಿಂತ ಕಾವಲನ್ನೇ ಹೆಚ್ಚು ಮಾಡಿದೆನೇನೋ ಅನಿಸುತ್ತದೆ. ಯಾರ ತೋಳಿನೊಳಗೆ ಚೀಟಿ ಇದೆ, ಯಾರು ನೀರು ಕುಡಿಯುವ ನೆಪದಲ್ಲಿ ಹಿಂದಿನ ಬೆಂಚು ನೋಡುತ್ತಾರೆ, ಯಾರು ಅತಿಯಾಗಿ ಮುಗ್ಧರಂತೆ ಕೂತಿದ್ದಾರೆ, ಇದನ್ನೇ ನೋಡಿ ನೋಡಿ ನನ್ನ ಕಣ್ಣು ಹಾಗೇ ಆಗಿಹೋಗಿದೆ. ತರಕಾರಿಯವನು ತಕ್ಕಡಿ ಎತ್ತಿದರೆ ನಾನು ಬೆಂಡೆಕಾಯಿ ನೋಡುವುದಿಲ್ಲ, ತಕ್ಕಡಿಯ ತಳ ನೋಡುತ್ತೇನೆ. "ನಿನ್ನೆದುರಿಗೆ ದೇವ್ರೇ ಪ್ರತ್ಯಕ್ಷ ಆದ್ರೂ ಆಧಾರ್ ಕಾರ್ಡ್ ತೋರ್ಸು ಅಂತೀಯ" ಎಂದು ನನ್ನ ಗಂಡ ಛೇಡಿಸುತ್ತಾರೆ. ಇಂಥವಳು ಹೋದ ವರ್ಷ ಒಂದು ಪುಸ್ತಕಕ್ಕಾಗಿ ನಾಲ್ಕು ತಿಂಗಳು ಸಾರ್ವಜನಿಕ ಗ್ರಂಥಾಲಯಗಳನ್ನು ಅಲೆದೆ.

ಪುಸ್ತಕ ಬೇಕಾಗಿದ್ದದ್ದು ನನಗಲ್ಲ, ಅಮ್ಮನಿಗೆ. ಅಮ್ಮನಿಗೆ ಎಂಬತ್ತೆರಡು. ಸಂಜಯನಗರದಲ್ಲಿ ನಮ್ಮ ಜೊತೆಯಲ್ಲೇ ಇದ್ದಾಳೆ. ಹುಟ್ಟಿದ್ದು ಬೆಳೆದದ್ದು ಹೆಬ್ಬಾಳದ ಹಳೇ ಊರಿನಲ್ಲಿ. ಅಣ್ಣತಮ್ಮಂದಿರಿಲ್ಲ, ಇದ್ದದ್ದು ಒಬ್ಬಳೇ ಅಕ್ಕ. ಆ ನಮ್ಮ ದೊಡ್ಡಮ್ಮ ಹೋದ ವರ್ಷ ಯುಗಾದಿ ಕಳೆದ ಮೇಲೆ ತೀರಿಕೊಂಡಳು.

ಮಹಾಲಯ ಅಮಾವಾಸ್ಯೆಗೆ ನಮ್ಮ ಕಡೆ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಹೋದವರ ಫೋಟೋಗಳನ್ನು ಸಾಲಾಗಿ ನಿಲ್ಲಿಸಿ, ಹೊಸ ಬಟ್ಟೆ ಇಟ್ಟು, ಅವರವರಿಗೆ ಇಷ್ಟವಾದದ್ದನ್ನು ಬಾಳೆಲೆಯ ಮೇಲೆ ಬಡಿಸಿ, ಆಮೇಲೆ ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಕೂರುವುದು. ಅವರು ಬಂದು ಉಂಡು ಹೋಗುವಷ್ಟು ಹೊತ್ತು. ನನ್ನ ಅಜ್ಜಿ, ಅಂದರೆ ಅಮ್ಮನ ಅಮ್ಮ, ಗಂಡುಮಕ್ಕಳಿಲ್ಲದವಳು. ಅವಳ ಎಡೆ ದೊಡ್ಡಮ್ಮನ ಮನೆಯಲ್ಲಿ ನಡೆಯುತ್ತಿತ್ತು. ನನಗೆ ಬುದ್ಧಿ ಬರುವ ಮೊದಲೇ ಅಜ್ಜಿ ತೀರಿಕೊಂಡಿದ್ದಳು, ಅವಳದೊಂದು ಫೋಟೋ ಯಾರ ಹತ್ತಿರವೂ ಇರಲಿಲ್ಲ. ನೀರು ತುಂಬಿದ ತಂಬಿಗೆಯ ಮೇಲೆ ತೆಂಗಿನಕಾಯಿ ಇಟ್ಟು, ಅದಕ್ಕೆ ಸೀರೆ ಸುತ್ತಿ, ಅದನ್ನೇ ಅಜ್ಜಿ ಅನ್ನುತ್ತಿದ್ದೆವು. ದೊಡ್ಡಮ್ಮ ಹೋದ ಮೇಲೆ ಆ ಎಡೆ ನಮ್ಮ ಮನೆಯ ಪಾಲಿಗೆ ಬಂತು.

ಒಂದು ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ ಕೂತಿದ್ದ ಅಮ್ಮ ಕೈ ನಿಲ್ಲಿಸಿ ಹೇಳಿದಳು: "ಲೇ, ನಮ್ಮವ್ವನ ಮುಖ ನೆಪ್ಪಿಗೆ ಬರ್ತಾ ಇಲ್ಲ ಕಣೇ. ಕಣ್ ಮುಚ್ಕೊಂಡ್ರೆ ನಮ್ಮಕ್ಕನ ಮುಖಾನೇ ಬಂದು ನಿಂತ್ಕತೈತೆ."

ವಯಸ್ಸಾದವರಿಗೆ ಹಾಗೇ ಆಗುತ್ತೆ ಬಿಡು ಅಂದೆ. ಅಮ್ಮ ಬಿಡಲಿಲ್ಲ. "ಅಕ್ಕ ಇದ್ದಾಗ ಅವ್ಳ್ ಮಾತಾಡ್ತಿದ್ರೆ ಅವ್ವ ಕಾಣೋಳು. ಈಗ ಅವ್ಳೂ ಇಲ್ಲ. ಎತ್ತ ತಾಯಿ ಮುಖ ಮರೆತ್ರೆ ಇನ್ನೇನೇ ಇದ್ದು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು: "ಒಂದ್ ಬುಕ್ನಾಗೆ ನಮ್ಮವ್ವನ ಪೋಟ ಐತೆ."

ಇದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಹಾಡುಗಾರ್ತಿ. ರಾಗಿ ಬೀಸುವ ಪದ, ಸೋಬಾನೆ ಪದ ಏನು ಕೇಳಿದರೂ ಬರುತ್ತಿತ್ತಂತೆ. ಒಂದು ಸಲ ಜಕ್ಕೂರಿನ ಮದುವೆ ಮನೆಯೊಂದಕ್ಕೆ ಯಾವುದೋ ಕಾಲೇಜಿನ ಮೇಷ್ಟ್ರು ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಬಂದು, ಸುತ್ತಮುತ್ತಲ ಊರಿನ ಐದು ಜನ ಹಾಡುಗಾರ್ತಿಯರಿಂದ ಪದ ಹೇಳಿಸಿ, ಚಪ್ಪರದ ಕೆಳಗೆ ಕೂರಿಸಿ ಒಂದು ಫೋಟೋ ತೆಗೆದರು. ಎರಡು ವರ್ಷವಾದ ಮೇಲೆ ಪುಸ್ತಕ ತಂದು ತೋರಿಸಿದರು. ಮುಖಪುಟದ ಮೇಲೆ ಬೀಸುವ ಕಲ್ಲಿನ ಚಿತ್ರ. ಇರುವುದು ಒಂದೇ ಪ್ರತಿ ಅಂತ ವಾಪಸ್ ತೆಗೆದುಕೊಂಡು, ಲೈಬ್ರರಿಗಳಿಗೆಲ್ಲ ಹೋಗುತ್ತೆ, ಅಲ್ಲಿ ಸಿಗುತ್ತೆ ಅಂತ ಹೇಳಿ ಹೋದರು. ಓದು ಬಾರದ ಮನೆಯವರು ಲೈಬ್ರರಿಗೆ ಎಲ್ಲಿ ಹೋಗುತ್ತಾರೆ. ಅಜ್ಜಿ ಸತ್ತಾಗ ಯಾರಿಗೂ ಅದರ ನೆನಪೂ ಆಗಲಿಲ್ಲ.

ನನ್ನ ಜೊತೆ ಕೆಲಸ ಮಾಡಿದ್ದ ಕನ್ನಡ ಮೇಷ್ಟ್ರೊಬ್ಬರು ಅಲ್ಲಿ ಇಲ್ಲಿ ವಿಚಾರಿಸಿ ಪುಸ್ತಕದ ಹೆಸರನ್ನೇನೋ ಪತ್ತೆ ಮಾಡಿಕೊಟ್ಟರು. ಬರೆದವರು ತೀರಿಕೊಂಡಿದ್ದರು, ಪ್ರಕಾಶನ ಮುಚ್ಚಿಹೋಗಿತ್ತು, ಹಳೇ ಪುಸ್ತಕದ ಅಂಗಡಿಯವರು ಇಲ್ಲವೆಂದು ಕೈಯಲ್ಲಾಡಿಸಿದರು. ಉಳಿದದ್ದು ಲೈಬ್ರರಿ. ಯಾವ ಶಾಖೆ ಎಂದು ಬರೆಯುವುದಿಲ್ಲ. ಅಲ್ಲಿಯವರು ಈಗ ನನಗೆ ಬೇಕಾದವರು.

ಮಹಡಿ ಮೇಲಿನ ಆ ಹಾಲಿಗೆ ಕಾಲಿಟ್ಟಾಗ ತಪ್ಪಿ ನನ್ನ ಹಳೇ ಪರೀಕ್ಷೆ ಕೊಠಡಿಗೇ ಬಂದೆನೇನೋ ಅನಿಸಿತು. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಎಲ್ಲ ಮೇಜುಗಳನ್ನೂ ಹಿಡಿದಿದ್ದರು. ಒಬ್ಬರ ಕೈಯಲ್ಲೂ ಲೈಬ್ರರಿಯ ಪುಸ್ತಕವಿಲ್ಲ. ಎಲ್ಲರದೂ ಮನೆಯಿಂದ ತಂದ ಗೈಡು, ನೀರಿನ ಬಾಟಲು, ಚಾರ್ಜರು. ಬ್ಯಾಗುಗಳನ್ನು ಪುಸ್ತಕದ ರ‍್ಯಾಕುಗಳಿಗೆ ಆನಿಸಿಟ್ಟಿದ್ದರಿಂದ ಕೆಳಗಿನ ಎರಡು ಸಾಲು ಪುಸ್ತಕ ಕಾಣುವುದೇ ಇಲ್ಲ. ಬಗ್ಗಿ ಬ್ಯಾಗು ಸರಿಸಿದರೆ ಅವರು ನನ್ನನ್ನೇ ಕಳ್ಳಿಯ ಹಾಗೆ ನೋಡಿದರು.

ಗ್ರಂಥಪಾಲಕಿ ನಲವತ್ತೈದರ ಆಸುಪಾಸಿನ ಹೆಂಗಸು. ಕಂಪ್ಯೂಟರಿನಲ್ಲಿ ಹೆಸರು ಒತ್ತಿ ನೋಡಿ, "ಇದೆ ಮೇಡಂ. ಒಂದು ಪ್ರತಿ. ಲಭ್ಯ ಅಂತ ತೋರಿಸ್ತಿದೆ" ಅಂದರು.

"ಎಲ್ಲಿದೆ?"

"ರ‍್ಯಾಕ್‌ನಲ್ಲೇ ಇರ್ಬೇಕು. ನೋಡ್ಕೊಳ್ಳಿ."

ಇರ್ಬೇಕು. ಉತ್ತರ ಗೊತ್ತಿಲ್ಲದ ಮಕ್ಕಳು ಹೀಗೇ ಹೇಳುವುದು. ಜಾನಪದ ಅಂತ ಚೀಟಿ ಅಂಟಿಸಿದ ರ‍್ಯಾಕಿನಲ್ಲಿ ಒಂದೊಂದೇ ಪುಸ್ತಕ ಎಳೆದು ನೋಡಿದೆ. ಹೋಮಿಯೋಪತಿ ಇತ್ತು, ಕೋಳಿ ಸಾಕಾಣಿಕೆ ಇತ್ತು, ಯಾವುದೋ ತಾಲೂಕಿನ ಅಂಕಿಅಂಶ ಇತ್ತು. ಬೀಸುವ ಕಲ್ಲು ಇರಲಿಲ್ಲ. ವಾಪಸ್ ಬಂದು ಹೇಳಿದರೆ ಆಕೆ ತಲೆ ಎತ್ತದೆ, "ಯಾರೋ ಬೇರೆ ಕಡೆ ಇಟ್ಟಿರ್ತಾರೆ, ನಾಳೆ ಬನ್ನಿ" ಅಂದರು. ಹಾಗೆ ಹೇಳುವಾಗ ಅವರ ಕಣ್ಣು ಒಂದು ಗಳಿಗೆ ಗೋಡೆ ಕಡೆಯ ಗಾಜಿನ ಅಲ್ಮೇರಾದ ಮೇಲೆ ಹೋಗಿ ಬಂತು. ನಾನು ಅದನ್ನು ಗಮನಿಸಿಕೊಂಡೆ.

ನಾಳೆ ಹೋದೆ, ನಾಳಿದ್ದೂ ಹೋದೆ. ಸೋಮವಾರವೂ ಹೋಗಿ, ರಜೆ ಎಂಬ ಬೋರ್ಡು ನೋಡಿ ಬಂದೆ. ಮೂರನೇ ದಿನ ಕಾನೂನಿನ ದಪ್ಪ ಸಂಪುಟಗಳ ಹಿಂದೆ ಕೈ ಹಾಕಿದಾಗ ಒಂದು ರಹಸ್ಯ ಸಿಕ್ಕಿತು. ಹಿಂದೆ ಇನ್ನೊಂದು ಸಾಲು ಪುಸ್ತಕಗಳಿದ್ದವು! ಕಾದಂಬರಿಗಳು, ಅಡುಗೆ ಪುಸ್ತಕ, ಜ್ಯೋತಿಷ್ಯ. ಸದಸ್ಯರು ತಮಗೆ ಬೇಕಾದದ್ದನ್ನು ಇನ್ನೊಬ್ಬರು ಒಯ್ಯಬಾರದೆಂದು, ಕೈಯಲ್ಲಿರುವುದನ್ನು ಓದಿ ಮುಗಿಸುವವರೆಗೆ ಯಾರೂ ಮುಟ್ಟದ ಕಾನೂನಿನ ಬೆನ್ನ ಹಿಂದೆ ಅಡಗಿಸಿಡುತ್ತಾರೆ. ನನಗೆ ಎಲ್ಲಿಲ್ಲದ ಉತ್ಸಾಹ ಬಂತು. ಇಪ್ಪತ್ತಮೂರು ಪುಸ್ತಕ ಹೊರಗೆ ತೆಗೆದು, ಅದರಲ್ಲಿ ನನ್ನದು ಇಲ್ಲವೆಂದು ಖಾತ್ರಿಯಾದ ಮೇಲೆ, ಶಿಸ್ತಿನ ಮೇಡಮ್ಮಿನ ಹಾಗೆ ಎಲ್ಲವನ್ನೂ ಅವವುಗಳ ಜಾಗಕ್ಕೆ ಸೇರಿಸಿ ಬಂದೆ.

ಮರುದಿನ ಸ್ವೆಟರು ಹಾಕಿಕೊಂಡ ಹಿರಿಯರೊಬ್ಬರು ಕಾನೂನಿನ ಸಂಪುಟಗಳ ಹಿಂದೆ ಮೊಣಕೈವರೆಗೆ ಕೈ ಇಳಿಸಿ ತಡಕಾಡುತ್ತಿದ್ದರು. "ಯಾವ ಬಡ್ಡಿಮಗ ತೆಗೆದ್ನೋ. ಇನ್ನೂ ಅರ್ಧ ಇತ್ತು ಕಣ್ರೀ" ಎಂದು ನನ್ನ ಕಡೆ ತಿರುಗಿ ಹೇಳಿದರು. ಅಯ್ಯೋ ಪಾಪ ಅಂದೆ. ಗ್ರಂಥಪಾಲಕಿ ದೂರದಿಂದ ನನ್ನನ್ನೇ ನೋಡುತ್ತಿದ್ದರು.

ನಡುವೆ ಬೇರೆ ಕಡೆಗಳಿಗೂ ಹೋಗಿಬಂದೆ. ಯಲಹಂಕದ ಕಡೆ ಒಂದು ಲೈಬ್ರರಿಗೆ ಬಸ್ಸಿನಲ್ಲಿ ಹೋದರೆ, ಪುಸ್ತಕದ ಹೆಸರು ಕೇಳಿ ಅಲ್ಲಿಯವರು, "ಡಿಜಿಟಲ್‌ನಲ್ಲಿ ನೋಡಿ ಅಮ್ಮಾ, ಎಲ್ಲಾ ಇರುತ್ತೆ" ಎಂದು ಒಂದು ಟ್ಯಾಬ್ ಕೈಗೆ ಕೊಟ್ಟರು. ಅದರಲ್ಲಿ ಎಲ್ಲಾ ಇತ್ತು, ನನಗೆ ಬೇಕಾದ್ದೊಂದು ಬಿಟ್ಟು. ಚಿಕ್ಕಬಾಣಾವರದ ಹತ್ತಿರ ಇನ್ನೊಂದು ಕಡೆ ಇದೆ ಅಂತ ಯಾರೋ ಹೇಳಿದ್ದರು. ಅಲ್ಲಿದ್ದಾತ ತುಂಬ ವಿನಯವಾಗಿ ಮಾತಾಡಿ, ಕುರ್ಚಿ ಒರೆಸಿ ಕೂರಿಸಿ, ಟೀ ತರಿಸಿಕೊಟ್ಟು, ಪುಸ್ತಕ ಇಲ್ಲ ಅಂದ. ಅಷ್ಟೊಂದು ವಿನಯ ಯಾಕೆ ಅಂತ ರೈಲಿನಲ್ಲಿ ವಾಪಸ್ ಬರುವಾಗಲೆಲ್ಲ ಯೋಚಿಸಿದೆ.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ನಿಂತಿರುತ್ತಿದ್ದಳು. ಸಿಕ್ತಾ ಎಂದು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ನನ್ನ ಬ್ಯಾಗು ತಾನೇ ಇಸಿದುಕೊಂಡು, ಅದರ ಭಾರ ನೋಡಿ, ಸುಮ್ಮನೆ ಮೊಳೆಗೆ ನೇತುಹಾಕುತ್ತಿದ್ದಳು. ಒಂದು ದಿನ, "ಮೂಗು ನಂದೇ ತರ ಇತ್ತು ಅಂತ ಕಾಣ್ತೈತೆ. ಇಲ್ಲಾ, ಅದು ನಮ್ಮಪ್ಪನ್ದೋ" ಅಂದಳು. ಒಂದೊಂದೇ ಜಾರಿಹೋಗುತ್ತಿತ್ತು. ನನಗೆ ಹೆದರಿಕೆಯಾಯಿತು. ಅಮಾವಾಸ್ಯೆಗೆ ಇನ್ನು ಮೂರು ವಾರವಿತ್ತು.

ಮತ್ತೆ ಮೊದಲಿನ ಶಾಖೆಗೇ ಹೋದೆ. ಆ ಗಾಜಿನ ಅಲ್ಮೇರಾ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಗಾಜಿಗೆ ಒಳಗಡೆಯಿಂದ ಹಳೇ ಪೇಪರ್ ಅಂಟಿಸಿದ್ದರು. ಮುಚ್ಚಿಡುವುದಕ್ಕೆ ಏನೂ ಇಲ್ಲದಿದ್ದರೆ ಗಾಜಿಗೆ ಪೇಪರ್ ಯಾಕೆ? ಗ್ರಂಥಪಾಲಕಿ ಊಟಕ್ಕೆ ಒಳಗೆ ಹೋದಾಗ ಪೇಪರ್ ಹರಿದಿದ್ದ ಒಂದು ಮೂಲೆ ಹುಡುಕಿ, ಮೊಣಕಾಲೂರಿ, ಮೊಬೈಲಿನ ಟಾರ್ಚು ಹಾಕಿ ನೋಡಿದೆ. ಕೆಳಗಿನಿಂದ ಎರಡನೇ ಸಾಲಿನಲ್ಲಿ, ಮಾಸಿದ ಬೆನ್ನಿನ ಮೇಲೆ, ನಾನು ನಾಲ್ಕು ತಿಂಗಳಿಂದ ಜಪಿಸುತ್ತಿದ್ದ ಹೆಸರು ಇತ್ತು.

"ಏನ್ ಮೇಡಂ ಮಾಡ್ತಿದೀರಾ?"

ಎದ್ದು ನಿಂತೆ. ಮಂಡಿ ನೋವು, ಸಿಟ್ಟು ಎರಡೂ ಸೇರಿ ದನಿ ಏರಿತು. "ಇದೇನ್ರೀ ಇದು? ರ‍್ಯಾಕ್‌ನಲ್ಲಿ ಇರ್ಬೇಕು, ನಾಳೆ ಬನ್ನಿ ಅಂತ ತಿಂಗಳುಗಟ್ಟಲೆ ಅಲೆಸಿದ್ರಲ್ಲ, ಇಲ್ಲೇ ಬೀಗ ಹಾಕ್ಕೊಂಡು ಕೂತಿದೀರಾ? ಯಾರಿಗೋಸ್ಕರ ಎತ್ತಿಟ್ಟಿದೀರಾ?" ಓದುತ್ತಿದ್ದ ಮಕ್ಕಳೆಲ್ಲ ತಲೆ ಎತ್ತಿದರು.

ಆಕೆ ಗಾಬರಿಯಾಗಲಿಲ್ಲ. ಟಿಫಿನ್ ಬ್ಯಾಗಿನಿಂದ ಬೀಗದ ಕೈ ತೆಗೆದರು. "ಹೊರಗಿಟ್ಟಿದ್ದೆಲ್ಲ ಕಾಲು ಬಂದು ಹೋಯ್ತು ಮೇಡಂ. ಒಂದೇ ಪ್ರತಿ ಇರೋ ಹಳೇ ಪುಸ್ತಕಾನೆಲ್ಲ ಒಳಗೆ ಹಾಕಿದೀನಿ. ತಪಾಸಣೆಗೆ ಬಂದೋರು ಪುಸ್ತಕ ಇದ್ಯಾ ಅಂತ ಕೇಳ್ತಾರೆ. ಯಾರಾದ್ರೂ ಓದಿದ್ರಾ ಅಂತ ಯಾರೂ ಕೇಳಲ್ಲ."

"ನಾನು ಕೇಳಿದಾಗ ಹೇಳ್ಬಹುದಿತ್ತಲ್ಲ?"

"ಹೊಸಬ್ರು ಕೇಳಿದ ತಕ್ಷಣ ಬೀಗ ತೆಗೆಯಲ್ಲ ಮೇಡಂ. ಆಮೇಲೆ ನೀವು ಪುಸ್ತಕದ ಹಿಂದೆಲ್ಲ ಕೈ ಹಾಕೋದು, ಯಾರೂ ಇಲ್ದಾಗ ಬಗ್ಗಿ ನೋಡೋದು ನೋಡಿ ನನಗೆ ನಿಮ್ಮ ಮೇಲೇ ಅನುಮಾನ ಬಂತು" ಅಂದರು. ಜೀವಮಾನದಲ್ಲಿ ನನ್ನನ್ನು ಯಾರೂ ಹಾಗೆ ಹಿಡಿದುಹಾಕಿರಲಿಲ್ಲ.

ಪುಸ್ತಕ ಕೈಗೆ ಬಂತು. ಮುಖಪುಟದ ಮೇಲೆ ಬೀಸುವ ಕಲ್ಲು. ಮೊದಲ ಪುಟಗಳಲ್ಲಿ ಪರಿವಿಡಿ, ಅದರ ಕೆಳಗೆ 'ಹಾಡುಗಾರ್ತಿಯರ ಚಿತ್ರ, ಅರವತ್ತನೇ ಪುಟದ ಎದುರು'. ಅರವತ್ತನೇ ಪುಟ ತೆಗೆದೆ. ಎದುರಿಗೆ ಅರವತ್ತೊಂದು. ನಡುವೆ, ಹೊಲಿಗೆಯ ಹತ್ತಿರ, ಒಂದು ನೂಲಿನಷ್ಟು ಅಗಲದ ನಯವಾದ ಕಾಗದದ ಅಂಚು ಮಾತ್ರ ಉಳಿದಿತ್ತು. ಅವಸರದಲ್ಲಿ ಹರಿದದ್ದಲ್ಲ. ಸ್ಕೇಲು ಇಟ್ಟು ಬ್ಲೇಡಿನಲ್ಲಿ ಕೊಯ್ದದ್ದು.

ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟೆ. ಅಳು ಬಂತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಗ್ರಂಥಪಾಲಕಿ ನೀರು ತಂದುಕೊಟ್ಟರು. ನನಗೆ ಮೊದಲು ಬಂದ ಸಂಶಯ ಆಕೆಯ ಮೇಲೇ. ಪುಸ್ತಕ ಬೀಗದೊಳಗೆ, ಬೀಗದ ಕೈ ಟಿಫಿನ್ ಬ್ಯಾಗಿನೊಳಗೆ, ಇನ್ಯಾರು ಕೊಯ್ಯಲು ಸಾಧ್ಯ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಪುಸ್ತಕ ಮನೆಗೆ ಕೊಡಿ ಅಂದೆ, ಕೊಟ್ಟರು.

ಅಮ್ಮ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಆ ಕೊಯ್ದ ಅಂಚನ್ನು ಉಗುರಿನಿಂದ ಸವರಿ ನೋಡಿದಳು. ನಾನು ಕಳ್ಳರು, ಕಟುಕರು ಅಂತ ಬೈಯುತ್ತಲೇ ಇದ್ದೆ. ಅಮ್ಮ ತಡೆದಳು. "ಬ್ಯಾಡದೋರ್ಗೆ ಐದು ಜನ ಮುದ್ಕಿರ ಪೋಟ ಯಾತುಕ್ಕೆ ಬೇಕೇ? ಯಾರೋ ಅವ್ರ ಪೈಕಿನೋರೇ ತಕ್ಕೊಂಡಿರ್ತಾರೆ."

ಮೂವತ್ತೊಂದು ವರ್ಷ ಚೀಟಿ ಹಿಡಿದ ನನಗೆ ಇದು ಹೊಳೆದಿರಲಿಲ್ಲ. ಮರುದಿನ ಬೆಳಿಗ್ಗೆ ಪುಸ್ತಕ ಹಿಡಿದುಕೊಂಡು ಬಾಗಿಲು ತೆಗೆಯುವ ಮೊದಲೇ ಲೈಬ್ರರಿ ಮುಂದೆ ನಿಂತಿದ್ದೆ. ಕಂಪ್ಯೂಟರ್ ಬರುವ ಮೊದಲು ಪ್ರತಿ ಪುಸ್ತಕದ ಹಿಂದಿನ ರಟ್ಟಿಗೆ ಒಂದು ಕಾಗದದ ಜೇಬು, ಅದರಲ್ಲಿ ಒಂದು ಕಾರ್ಡು ಇರುತ್ತಿತ್ತು. ಪುಸ್ತಕ ಒಯ್ದವರ ಸದಸ್ಯ ಸಂಖ್ಯೆಯನ್ನು ಅದರ ಮೇಲೆ ಬರೆದುಕೊಳ್ಳುತ್ತಿದ್ದರು. ಕಾರ್ಡು ಹೊರಗೆಳೆದೆವು. ಅದರ ಮೇಲೆ ಒಂದೇ ಒಂದು ಸಂಖ್ಯೆ. ಮೂವತ್ತೈದು ವರ್ಷದ ಹಿಂದಿನ ತಾರೀಖು. ಅಷ್ಟು ವರ್ಷಗಳಲ್ಲಿ ಆ ಪುಸ್ತಕವನ್ನು ಮನೆಗೆ ಒಯ್ದವನು ಒಬ್ಬನೇ ಒಬ್ಬ.

ಹಳೇ ರಿಜಿಸ್ಟರು ತೋರಿಸುವುದು ನಿಯಮವಲ್ಲ ಎಂದು ಗ್ರಂಥಪಾಲಕಿ ಎರಡು ಸಲ ಹೇಳಿದರು. ನಾನು ಅಮ್ಮನ ವಿಷಯ ಹೇಳಿದೆ, ಅಮ್ಮನ ಮೂಗಿನ ವಿಷಯವನ್ನೂ ಹೇಳಿದೆ. ಆಕೆ ಎದ್ದು ಹೋಗಿ, ದೂಳು ಒರೆಸಿ, ರಿಜಿಸ್ಟರು ತಂದು ಮೇಜಿನ ಮೇಲೆ ತೆರೆದಿಟ್ಟು, "ನಾನು ಟೀ ಕುಡ್ಕೊಂಡು ಬರ್ತೀನಿ" ಎಂದು ಆಚೆ ನಡೆದರು. ವಿಳಾಸ ಜಕ್ಕೂರಿನ ಹಳೇ ಊರಿನದು.

ಅಮ್ಮನನ್ನು ಬಿಟ್ಟು ಹೋಗಬೇಕೆಂದಿದ್ದೆ, ಕೇಳಲಿಲ್ಲ. ಬಾಳೆಹಣ್ಣು, ಎಲೆಯಡಿಕೆ ಕಟ್ಟಿಕೊಂಡು ಆಟೋ ಹತ್ತಿದಳು. ದಾರಿಯುದ್ದಕ್ಕೂ ನಾನು ಏನು ಹೇಳಬೇಕೆಂದು ಲೆಕ್ಕ ಹಾಕುತ್ತಿದ್ದೆ. ಲೈಬ್ರರಿ ಕಡೆಯಿಂದ ಹಳೇ ಸದಸ್ಯರ ಸಮೀಕ್ಷೆಗೆ ಬಂದಿದ್ದೇವೆ ಅನ್ನುವುದು, ಒಳಗೆ ಹೋಗುವುದು, ಗೋಡೆಗಳ ಮೇಲೆ ಕಣ್ಣಾಡಿಸುವುದು, ಸಿಕ್ಕರೆ ಪುಸ್ತಕ ತೆಗೆದು ಮುಖಕ್ಕೆ ಹಿಡಿಯುವುದು. ಅಪಾರ್ಟ್‌ಮೆಂಟುಗಳು ಮುಗಿದು ಓಣಿಗಳು ಶುರುವಾದ ಕಡೆ ಆಟೋ ಇಳಿದೆವು. ಅಮ್ಮ ಎರಡು ಕಡೆ ಕೇಳಿ ನೇರ ಮನೆ ಮುಂದೆ ಹೋಗಿ ನಿಂತಳು. ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ತಿರುಗಿದಳು. ಆ ಸದಸ್ಯನ ಸೊಸೆ ಎಂದು ಆಮೇಲೆ ತಿಳಿಯಿತು. ನಾನು ಸಮೀಕ್ಷೆ ಅನ್ನುವಷ್ಟರಲ್ಲಿ ಅಮ್ಮ, "ನಮ್ಮವ್ವನ ಪೋಟ ನಿಮ್ಮನ್ಯಾಗೆ ಐತಂತಲ್ಲಮ್ಮಾ, ಒಸಿ ತೋರಿಸ್ತೀಯಾ?" ಎಂದುಬಿಟ್ಟಳು.

ಆ ಹೆಣ್ಣುಮಗಳ ಮುಖ ಬಿಳಿಚಿಕೊಂಡಿತು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದಳು, ಅಮ್ಮನನ್ನು ನೋಡಿದಳು. ಒದ್ದೆ ಕೈ ಸೀರೆಗೆ ಒರೆಸಿಕೊಂಡು, "ಬನ್ನಿ ಒಳಗೆ" ಅಂದಳು.

ಒಳಮನೆಯ ಗೋಡೆಯ ಮೇಲೆ ಹಿರಿಯರ ಫೋಟೋಗಳ ಸಾಲಿನಲ್ಲಿ ಅದಿತ್ತು. ಚಿತ್ರದ ಕೆಳಗಿನ ಹೆಸರುಗಳು ಚೌಕಟ್ಟಿಗೆ ಹಿಡಿಯದೆ ಕತ್ತರಿಸಿಹೋಗಿದ್ದವು. ಚಪ್ಪರದ ಕೆಳಗೆ ಐದು ಜನ ಹೆಂಗಸರು. ಗಾಜಿನ ಮೇಲೆ ಐದು ಹಣೆಗೂ ಐದು ಕುಂಕುಮದ ಬೊಟ್ಟು, ಮೇಲೆ ಐದು ತುಂಡು ಹೂವು.

"ನಮ್ಮ ಮಾವ ತಂದಿದ್ದು" ಅಂದಳು ಸೊಸೆ. "ಅವ್ರ ತಾಯೀದು ಬೇರೆ ಫೋಟೋ ಇರ್ಲಿಲ್ಲ. ಸ್ಟುಡಿಯೋದವ್ನು ಇದ್ರಿಂದ ತೆಗೆದ್ರೆ ಸರಿಯಾಗಿ ಬರಲ್ಲ ಅಂದ್ನಂತೆ. ಪುಸ್ತಕ ವಾಪಸ್ ಕೊಡೋ ದಿನ ಬಂತು, ಕುಯ್ದ್‌ಬಿಟ್ರು. ಕೊಟ್ಟು ಬಂದ ದಿನ ಊಟಾನೇ ಮಾಡ್ಲಿಲ್ವಂತೆ. ಆಮೇಲೆ ಸಾಯೋವರ್ಗೂ ಲೈಬ್ರರಿ ಕಡೆ ತಲೆ ಹಾಕ್ಲಿಲ್ಲ. ಯಾರಾದ್ರೂ ಕೇಳ್ಕೊಂಡು ಬರ್ತಾರೆ ಅಂತ ಹೇಳ್ತಾನೇ ಇದ್ರು."

"ನಿಮ್ಮವರೊಬ್ಬರನ್ನೇ ಕತ್ತರಿಸಿ ಇಟ್ಟುಕೊಳ್ಳಬಹುದಿತ್ತಲ್ಲ" ಎಂದು ನಾನು ಕೇಳಿದೆ. ಇನ್ನೂ ಬಿಗಿಯಾಗಿಯೇ ಕೇಳಿದೆ.

"ಹೆಂಗ್ ಕತ್ತರಿಸ್ತೀರಾ ಮೇಡಂ, ಒಬ್ರ ಹೆಗಲ ಮೇಲೆ ಒಬ್ರು ಕೈ ಹಾಕ್ಕೊಂಡವ್ರೆ. ಕತ್ತರಿಸಿದ್ರೆ ಕೈಯೇ ಹೋಗುತ್ತೆ ಅಂತ ಮಾವ ಐದೂ ಜನಾನ್ನೂ ಇಟ್ಕೊಂಡ್ರು. ಅಮಾಸೆಗೆ ಐದು ಎಲೆ ಹಾಕ್ತೀವಿ. ಪಕ್ಕದಲ್ಲಿ ಕೂತೋರ್ನ ಬಿಟ್ಟು ಒಬ್ರಿಗೇ ಬಡಿಸೋಕಾಗುತ್ತಾ?"

ಮೂವತ್ತೈದು ವರ್ಷ, ಪ್ರತಿ ವರ್ಷ, ಈ ಮನೆಯಲ್ಲಿ ನನ್ನ ಅಜ್ಜಿಗೆ ಎಲೆ ಹಾಕಿದ್ದರು. ಸೊಸೆ ಚಿತ್ರ ಇಳಿಸಿ ಅಮ್ಮನ ತೊಡೆಯ ಮೇಲಿಟ್ಟಳು. ಅಮ್ಮ ಕನ್ನಡಕ ಸರಿಮಾಡಿಕೊಂಡು ಒಂದು ತುದಿಯಿಂದ ನೋಡುತ್ತಾ ಬಂದಳು. ನಾನು ಅವಳ ಬೆರಳನ್ನೇ ನೋಡುತ್ತಾ ನಿಂತೆ. ಬೆರಳು ಎರಡನೆಯವಳ ಹತ್ತಿರ ನಿಂತಿತು. ಎತ್ತರದ ಹೆಂಗಸು, ಅಗಲ ಹಣೆ, ನಗದ ಮುಖ. ಥೇಟ್ ನಮ್ಮ ದೊಡ್ಡಮ್ಮ. "ಇವ್ಳೇ ಕಣೇ" ಅಂದಳು ಅಮ್ಮ. "ಇವ್ಳೇ ನಮ್ಮವ್ವ." ಗಾಜಿನ ಮೇಲೆ ಅಂಗೈಯಿಟ್ಟು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

ಸೊಸೆ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಅಮ್ಮನ ಬೆನ್ನು ಸವರುತ್ತಾ, "ಹೂಂ ಅಜ್ಜಿ, ನಿಮ್ ತರಾನೇ ಅವ್ರೆ" ಅಂದಳು.

ಆ ಒಂದು ಗಳಿಗೆ ನನ್ನ ಕಣ್ಣಿಗೆ ಬಿದ್ದಿತ್ತು. ಅಮ್ಮ ಹಜಾರದಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವಳನ್ನು ಅಂಗಳಕ್ಕೆ ಕರೆದು ಕೇಳಿದೆ: "ನಿಜ ಹೇಳಿ. ನಿಮ್ಮ ಮಾವನ ತಾಯಿ ಯಾರು ಅದರಲ್ಲಿ?"

ಅವಳು ಒಣಹಾಕಿದ್ದ ಬಟ್ಟೆಯನ್ನೇ ಮತ್ತೆ ಸರಿಮಾಡಿದಳು. "ಅಮ್ಮೋರು ತೋರಿಸಿದ್ರಲ್ಲ, ಅವ್ರೇ. ಅವ್ರ ಹೆಗಲ ಮೇಲೆ ಕೈ ಹಾಕ್ಕೊಂಡು ಬಾಯ್ತುಂಬ ಎಲೆಯಡಿಕೆ ಇಟ್ಕೊಂಡು ನಗ್ತಾವ್ರಲ್ಲ, ಅವ್ರು ಹೆಬ್ಬಾಳದೋರು ಅಂತ ಮಾವ ಹೇಳೋರು." ನನ್ನ ಕಡೆ ತಿರುಗಿ, "ಹೇಳ್ಬೇಡಿ ಮೇಡಂ. ಈ ವಯಸ್ಸಲ್ಲಿ ಮತ್ತೆ ಯಾಕೆ" ಅಂದಳು. ತನ್ನ ಮನೆಯ ಹಿರಿಯಳನ್ನು ಯಾರೋ ದಾರಿಹೋಕ ಮುದುಕಿಗೆ ಅಮ್ಮನನ್ನಾಗಿ ಕೊಟ್ಟು, ಅವಳು ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಚಿತ್ರವನ್ನೂ ಕೊಟ್ಟೇ ಕಳಿಸಿದಳು. ಪ್ರತಿ ಮಾಡಿಸಿಕೊಂಡು ವಾಪಸ್ ತಂದುಕೊಡಿ ಅಂದಳು. ನನ್ನ ಹೆಸರು ಕೇಳಲಿಲ್ಲ, ಫೋನ್ ನಂಬರ್ ಕೇಳಲಿಲ್ಲ. ನಾನಾಗಿದ್ದರೆ ಎರಡರ ಜೊತೆಗೆ ಆ ಪುಸ್ತಕವನ್ನೂ ಒತ್ತೆ ಇಟ್ಟುಕೊಳ್ಳುತ್ತಿದ್ದೆ.

ತಪ್ಪು ಉತ್ತರಕ್ಕೆ ಕೆಂಪು ಗೀಟು ಹಾಕದೆ ಬಿಟ್ಟದ್ದು ನನ್ನ ಜೀವನದಲ್ಲಿ ಅದೊಂದೇ. ಸುಲಭವಾಗಿರಲಿಲ್ಲ. ಆಟೋದಲ್ಲಿ ಅಮ್ಮ ಚಿತ್ರವನ್ನು ಎದೆಗೊತ್ತಿಕೊಂಡು ಕೂತಿದ್ದಾಗ ನಾಲ್ಕು ಸಲ ಬಾಯಿ ತೆರೆದೆ. ಕೊನೆಗೆ ಆ ಸೊಸೆಯ ಮಾತಿನ ಮೇಲೇ ಅನುಮಾನಪಟ್ಟೆ. ಅವಳು ಯಾರನ್ನೂ ಕಣ್ಣಾರೆ ಕಂಡವಳಲ್ಲ. ಅವಳ ಮಾವ ಹೇಳಿದ್ದು ಸರಿಯಾಗಿತ್ತು ಅಂತ ಏನು ಗ್ಯಾರಂಟಿ? ಅವಳೇ ಅದಲು ಬದಲು ಮಾಡಿ ನೆನಪಿಟ್ಟುಕೊಂಡಿರಬಹುದು. ಅಮ್ಮ ಹೇಳಿದ್ದೇ ಸರಿಯಿರಬಹುದು. ನನ್ನ ಈ ಸಂಶಯದ ಬುದ್ಧಿ ನನ್ನ ಮನೆಯವರಿಗೆ ಉಪಕಾರ ಮಾಡಿದ್ದು ಅದೇ ಮೊದಲು.

ಅಮಾವಾಸ್ಯೆಯ ದಿನ ನಮ್ಮ ಹಾಲಿನಲ್ಲಿ ಆ ಚಿತ್ರದ ಪ್ರತಿಯ ಮುಂದೆ ಐದು ಎಲೆ ಹಾಕಿದೆವು. ಕಜ್ಜಾಯ, ವಡೆ, ಪಾಯಸ, ಮೊಳಕೆ ಹುರುಳಿಕಾಳಿನ ಸಾರು, ಮುದ್ದೆ. ಅಜ್ಜಿಗೆ ಹೊಗೆಸೊಪ್ಪು ಅಂದರೆ ಪ್ರಾಣವಂತೆ. ಅಮ್ಮ ಅಂಗಡಿಯಿಂದ ತರಿಸಿ, ಒಂದು ಎಸಳು ಮುರಿದು ಎರಡನೇ ಎಲೆಯ ತುದಿಯಲ್ಲಿಟ್ಟು ಕೈಮುಗಿದಳು. ಅವಳು ಆರತಿ ತರಲು ಒಳಗೆ ಹೋದಾಗ ನಾನು ಇನ್ನೊಂದು ಎಸಳು ಮುರಿದು, ನಗುತ್ತಿದ್ದ ಮೂರನೆಯವಳ ಎಲೆಯ ಮೇಲೂ ಇಟ್ಟೆ.

ಬಾಗಿಲು ಮುಚ್ಚಿಕೊಂಡು ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತೆವು. ಅಮ್ಮ ಕಣ್ಣು ಮುಚ್ಚಿದಳು. "ಈಗ ಬರ್ತೈತೆ ಕಣೇ" ಅಂದಳು. "ಸಂದಾಗಿ ಬರ್ತೈತೆ." ಮಾಮೂಲಿನಂತೆ ಐದು ನಿಮಿಷ ಕಳೆದ ಮೇಲೆ ಬಾಗಿಲು ತೆಗೆಯಲು ಎದ್ದಳು. ಸತ್ತವರು ಬಂದು ಉಣ್ಣುತ್ತಾರೆಂದು ಯಾವತ್ತೂ ನಂಬದ ನಾನು ಅವಳ ಕೈ ಹಿಡಿದು ಕೂರಿಸಿದೆ.

"ಇನ್ನೊಂದು ಸ್ವಲ್ಪ ಹೊತ್ತು ಇರಮ್ಮ" ಅಂದೆ. "ಐದು ಜನ ಇದ್ದಾರೆ ಒಳಗೆ."